ತೊಟ್ಟಿಲಿನಿಂದ ಹಾಸಿಗೆಗೆ

ಕನ್ನಡಿಗರ ಮನೆಗಳಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವುದಕ್ಕೆ ಶಾಸ್ತ್ರವಿದೆ, ಮುಹೂರ್ತವಿದೆ, ಹಾಡಿದೆ. ಬಂಧುಬಳಗದವರೆಲ್ಲ ಸೇರಿ ಹೆಸರಿಡುತ್ತಾರೆ. ಅದೇ ಮಗುವನ್ನು ತೊಟ್ಟಿಲಿನಿಂದ ಇಳಿಸುವುದಕ್ಕೆ ಇವುಗಳಲ್ಲಿ ಒಂದೂ ಇಲ್ಲ. ಮಗು ಒಂದು ದಿನ ತಾನಾಗಿಯೇ ಕಂಬಿಯ ಮೇಲೆ ಕಾಲು ಹಾಕುತ್ತದೆ, ಇಲ್ಲವೆ ಎರಡನೆಯ ಕೂಸು ಬರುವ ಕಾಲ ಸಮೀಪಿಸುತ್ತದೆ. ಆಗ ಮನೆಯವರಿಗೆ ಈ ವಿಷಯ ನೆನಪಾಗುತ್ತದೆ. ಹೀಗೆ ಅವಸರದಲ್ಲಿ ನಡೆಯುವ ಬದಲಾವಣೆಯಿಂದ ಮಗುವಿನ ನಿದ್ದೆಯೂ ಕೆಡಬಹುದು, ಕೆಲವೊಮ್ಮೆ ಪ್ರಾಣಕ್ಕೂ ಅಪಾಯವಾಗಬಹುದು. ಆದ್ದರಿಂದ ಈ ಚಿಕ್ಕ ಸಂಗತಿಯನ್ನು ಮುಂಚಿತವಾಗಿಯೇ ಯೋಚಿಸುವುದು ಅವಶ್ಯ.

ತೊಟ್ಟಿಲು ಎಂಬ ಒಂದೇ ಮಾತು ಹಲವು ವಸ್ತುಗಳಿಗೆ ಸಲ್ಲುತ್ತದೆ. ತವರುಮನೆಯಿಂದ ಬರುವ ಮರದ ತೊಟ್ಟಿಲು ಮೊದಲನೆಯದು. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲುಗಳು, ಅವುಗಳ ಮೇಲಿನ ಪುರಾಣ ಚಿತ್ರಗಳ ಸಹಿತ, ಇದಕ್ಕಾಗಿಯೇ ಹೆಸರಾದವು. ಎರಡನೆಯದು ಹಳೆಯ ಸೀರೆಯನ್ನು ತೊಲೆಗೋ ಕೊಂಡಿಗೋ ಕಟ್ಟಿದ ಜೋಲಿ. ಮುಂಬಯಿ, ಪುಣೆಗಳಲ್ಲಿ ಇದನ್ನೇ ಝೋಳಿ ಎಂದೂ ಚೆನ್ನೈಯಲ್ಲಿ ತೂಳಿ ಎಂದೂ ಹೈದರಾಬಾದಿನ ನೆರೆಹೊರೆಯಲ್ಲಿ ಉಯ್ಯಾಲ ಎಂದೂ ಕರೆಯುತ್ತಾರೆ. ಮೂರನೆಯದು ಇತ್ತೀಚಿನ ದಶಕಗಳಲ್ಲಿ ನಗರದ ಅಂಗಡಿಗಳಿಂದ ಮನೆಗೆ ಬಂದಿರುವ, ನಾಲ್ಕು ಕಾಲುಗಳ ಮೇಲೆ ನಿಂತು ಸುತ್ತಲೂ ಕಂಬಿಗಳಿರುವ ಮಕ್ಕಳ ಮಂಚ. ಇದನ್ನು ಇಲ್ಲಿ ಕಂಬಿ ತೊಟ್ಟಿಲು ಎಂದು ಕರೆಯಲಾಗಿದೆ. ಈ ಮೂರರ ಆಕಾರ ಬೇರೆಯಾದರೂ ಗುಣ ಒಂದೇ. ಒಳಗಿರುವ ಮಗುವಿಗೆ ಹೊರಗೆ ಬರಲು ಸಾಧ್ಯವಾಗುವುದಿಲ್ಲ ಎಂಬುದೇ ಇವುಗಳು ನೀಡುವ ರಕ್ಷಣೆ. ಮಗುವಿಗೆ ಹೊರಬರುವ ಶಕ್ತಿ ಬಂದ ದಿನ ಈ ರಕ್ಷಣೆ ಕೊನೆಗೊಳ್ಳುತ್ತದೆ. ಅಷ್ಟೇ ಅಲ್ಲ, ಅದುವರೆಗೆ ಮಗುವನ್ನು ಕಾಯ್ದ ಕಂಬಿಯ ಎತ್ತರವೇ ಅಂದಿನಿಂದ ಮಗು ಬೀಳುವ ಎತ್ತರವಾಗುತ್ತದೆ.

ಇಳಿಸುವ ಕಾಲ

ತೂಗಾಡುವ ತೊಟ್ಟಿಲು ಮತ್ತು ಜೋಲಿಗಳ ಅವಧಿ ಬಹಳ ಕಡಿಮೆ. ಮಗು ಮಗ್ಗುಲಾಗಿ ಕವುಚಿಕೊಳ್ಳಲು, ಕೈಯೂರಿ ಎದೆ ಎತ್ತಲು ಕಲಿತೊಡನೆ, ಅಂದರೆ ಸಾಮಾನ್ಯವಾಗಿ ಐದಾರು ತಿಂಗಳ ಹೊತ್ತಿಗೆ, ಅವುಗಳ ಬಳಕೆಯನ್ನು ನಿಲ್ಲಿಸುವುದು ಕ್ಷೇಮ. ಮಗು ಒಂದು ಬದಿಗೆ ಹೊರಳಿದರೆ ತೂಗುವ ತೊಟ್ಟಿಲು ಅದೇ ಬದಿಗೆ ವಾಲುತ್ತದೆ. ಜೋಲಿಯಲ್ಲಿ ಇನ್ನೊಂದು ಅಪಾಯವೂ ಇದೆ: ಬಟ್ಟೆ ಮಗುವಿನ ಮುಖಕ್ಕೆ ಒತ್ತಿಕೊಳ್ಳಬಹುದು, ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಸೀರೆಯ ಜೋಲಿಯಿಂದ ಮಕ್ಕಳು ಉಸಿರುಗಟ್ಟಿ ಸತ್ತ ಪ್ರಕರಣಗಳು ಭಾರತದ ವೈದ್ಯಕೀಯ ನಿಯತಕಾಲಿಕಗಳಲ್ಲಿ ವರದಿಯಾಗಿವೆ. ತಲೆಮಾರುಗಳಿಂದ ನಡೆದುಬಂದ ಪದ್ಧತಿಯಲ್ಲಿ ಏನು ತಪ್ಪು ಎಂದು ಹಿರಿಯರು ಕೇಳುವುದು ಸಹಜ. ಹಿಂದಿನ ತುಂಬಿದ ಮನೆಗಳಲ್ಲಿ ಜೋಲಿಯ ಮೇಲೆ ಯಾರಾದರೊಬ್ಬರ ಕಣ್ಣು ಸದಾ ಇರುತ್ತಿತ್ತು, ಹಗ್ಗವನ್ನು ಹಿಡಿದು ತೂಗುತ್ತ ಕುಳಿತವರು ಇದ್ದೇ ಇರುತ್ತಿದ್ದರು. ನಗರದ ಬಾಗಿಲು ಮುಚ್ಚಿದ ಮನೆಯಲ್ಲಿ, ತಾಯಿಯೊಬ್ಬಳೇ ಒಲೆಯ ಮುಂದೆ ನಿಂತಿರುವಾಗ, ಆ ಕಣ್ಣು ಇರುವುದಿಲ್ಲ.

ಕಂಬಿ ತೊಟ್ಟಿಲು ಇದಕ್ಕಿಂತ ಹೆಚ್ಚು ಕಾಲ ಬರುತ್ತದೆ. ಮಗು ಎದ್ದು ಕೂಡಲು ಕಲಿತಾಗ ಒಳಗಿನ ಹಲಗೆಯನ್ನು ಒಂದು ಮೆಟ್ಟಿಲು ಕೆಳಗೆ ಇಳಿಸಬೇಕು. ಹಿಡಿದು ನಿಲ್ಲಲು ಕಲಿಯುವ ಮುನ್ನ ಅತ್ಯಂತ ಕೆಳಗಿನ ಮೆಟ್ಟಿಲಿಗೆ ತರಬೇಕು. ದೊಡ್ಡ ದಿಂಬು, ದಪ್ಪ ಆಟಿಕೆಗಳನ್ನು ಒಳಗೆ ಬಿಡಬಾರದು, ಮಗು ಅವುಗಳನ್ನೇ ಏಣಿಯಾಗಿ ಮಾಡಿಕೊಳ್ಳುತ್ತದೆ. ನಿಂತ ಮಗುವಿನ ಎದೆಗಿಂತ ಮೇಲಿನ ಕಂಬಿ ಕೆಳಗಾದಾಗ, ಅಥವಾ ಮಗುವಿನ ಎತ್ತರ ಸುಮಾರು 89 ಸೆಂಟಿಮೀಟರ್ ತಲುಪಿದಾಗ, ತೊಟ್ಟಿಲಿನ ಕಾಲ ಮುಗಿಯಿತೆಂದು ಮಕ್ಕಳ ತಜ್ಞರು ಹೇಳುತ್ತಾರೆ. ಎರಡೂವರೆ ವರ್ಷದ ಆಸುಪಾಸಿನಲ್ಲಿ ಅನೇಕ ಮಕ್ಕಳು ಈ ಎತ್ತರಕ್ಕೆ ಬೆಳೆದಿರುತ್ತಾರೆ. ಆದರೆ ಅಳತೆಗಿಂತಲೂ ಮಗುವಿನ ನಡತೆಯೇ ದೊಡ್ಡ ಸೂಚನೆ. ಒಂದೂವರೆ ವರ್ಷದ ಮಗುವೇ ಆಗಿರಲಿ, ಕಂಬಿಯ ಮೇಲೆ ಕಾಲು ಹಾಕಿದ್ದನ್ನು ಒಮ್ಮೆ ಕಂಡರೂ ಸಾಕು, ಆ ರಾತ್ರಿಯೇ ಹಾಸಿಗೆಯನ್ನು ಕೆಳಗೆ ಹಾಸಬೇಕು.

ಬೀಳುವ ಮಗು ಬಹುಮಟ್ಟಿಗೆ ತಲೆಕೆಳಗಾಗಿಯೇ ಬೀಳುವುದೇಕೆ ಎಂಬುದನ್ನು ಇಲ್ಲಿ ತಿಳಿಯುವುದು ಉಪಯುಕ್ತ. ವಯಸ್ಕರಲ್ಲಿ ತಲೆಯು ದೇಹದ ಎತ್ತರದ ಸುಮಾರು ಎಂಟನೆಯ ಒಂದು ಭಾಗ. ಆಗತಾನೆ ಹುಟ್ಟಿದ ಕೂಸಿನಲ್ಲಿ ಅದು ನಾಲ್ಕನೆಯ ಒಂದು ಭಾಗ. ಎರಡು ವರ್ಷದ ಮಗು ಇವೆರಡರ ನಡುವೆ ಇರುತ್ತದೆ. ಅಂದರೆ ಅದರ ಭಾರವೆಲ್ಲ ಮೇಲ್ಭಾಗದಲ್ಲಿ ಸೇರಿರುತ್ತದೆ. ಸೊಂಟ ಕಂಬಿಯನ್ನು ದಾಟಿತೆಂದರೆ ತಲೆ ಮುಂದಾಗಿ ಉರುಳುತ್ತದೆ. ಕೈ ಚಾಚಿ ತಡೆಯುವ ಚಾತುರ್ಯ ಆ ವಯಸ್ಸಿಗೆ ಇನ್ನೂ ಪೂರ್ಣವಾಗಿ ಬಂದಿರುವುದಿಲ್ಲ.

ಹತ್ತಲು ಯತ್ನಿಸದೆ ನೆಮ್ಮದಿಯಾಗಿ ಮಲಗುವ ಮಗುವನ್ನು ಮಾತ್ರ ನೆರೆಮನೆಯ ಮಗುವಿಗೆ ಹೋಲಿಸಿ ಅವಸರದಿಂದ ಇಳಿಸಬೇಕಾಗಿಲ್ಲ. ಮೂರು ವರ್ಷದ ಹತ್ತಿರ ಬಂದ ಮಗುವಿಗೆ ‘ಬೆಳಗಾಗುವ ತನಕ ಹಾಸಿಗೆಯಲ್ಲೇ ಇರಬೇಕು’ ಎಂಬ ಮಾತಿನ ಅರ್ಥ ತಿಳಿಯುತ್ತದೆ. ಎರಡರ ಮಗುವಿಗೆ ಆ ಮಾತು ಕೇಳಿಸುತ್ತದೆಯೇ ಹೊರತು ತನ್ನನ್ನು ತಡೆದುಕೊಳ್ಳುವ ಶಕ್ತಿ ಅದಕ್ಕೆ ಇರುವುದಿಲ್ಲ.

ನೆಲವೋ ಮಂಚವೋ

ಈ ಪ್ರಶ್ನೆಗೆ ಕನ್ನಡ ನಾಡಿನ ಹಳೆಯ ಮನೆಗಳಲ್ಲೇ ಉತ್ತರವಿತ್ತು. ರಾತ್ರಿಯ ಊಟವಾದ ಮೇಲೆ ನಡುಮನೆಯಲ್ಲಿ ಚಾಪೆ, ಜಮಖಾನೆ, ಕೌದಿಗಳು ಸಾಲಾಗಿ ಬಿಚ್ಚಿಕೊಳ್ಳುತ್ತಿದ್ದವು. ಮಕ್ಕಳು ಅಜ್ಜಿಯ ಎರಡೂ ಮಗ್ಗುಲಿಗೆ ಮಲಗುತ್ತಿದ್ದರು. ಉರುಳಿದರೆ ಚಾಪೆಯಿಂದ ನೆಲಕ್ಕೆ ಉರುಳುತ್ತಿದ್ದರು, ಅಷ್ಟೆ. ಇಂದು ಪಾಶ್ಚಾತ್ಯ ದೇಶಗಳಲ್ಲಿ ಮಕ್ಕಳ ಹಾಸಿಗೆಯನ್ನು ನೆಲದ ಮೇಲೆಯೇ ಹಾಸುವ ಪದ್ಧತಿಯನ್ನು ಹೊಸದೆಂಬಂತೆ ಕೊಂಡಾಡುತ್ತಿರುವುದನ್ನು ಕಂಡರೆ ಆ ಅಜ್ಜಿಯರು ನಗುತ್ತಿದ್ದರೇನೋ. ಮುಂಬಯಿ, ಡೊಂಬಿವಲಿಗಳ ‘ವನ್ ರೂಮ್ ಕಿಚನ್’ ಮನೆಗಳಲ್ಲಿ ಇರುವ ಕನ್ನಡ ಕುಟುಂಬಗಳಿಗೆ ಇದು ಆಯ್ಕೆಯ ಪ್ರಶ್ನೆಯೇ ಅಲ್ಲ. ಅಲ್ಲಿ ಮಗು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುವುದಿಲ್ಲ; ಮೇಲಿನ ಕೊಂಡಿಯಿಂದ ಕೆಳಗಿನ ಚಾಪೆಗೆ, ತಂದೆತಾಯಿಗಳ ನಡುವಿನಿಂದ ತಾಯಿಯ ಆಚೆಯ ಮಗ್ಗುಲಿಗೆ ಹೋಗುತ್ತದೆ. ಸ್ಥಳ ಕಡಿಮೆಯೆಂದು ಇಂಥ ಕುಟುಂಬಗಳು ಸಂಕೋಚಪಡಬೇಕಾಗಿಲ್ಲ. ಬೀಳುವ ಭಯದ ದೃಷ್ಟಿಯಿಂದ ನೆಲದ ಹಾಸಿಗೆಗಿಂತ ಸುರಕ್ಷಿತವಾದದ್ದು ಬೇರೊಂದಿಲ್ಲ.

ಆದರೂ ನೆಲಕ್ಕೆ ತನ್ನದೇ ಆದ ತೊಡಕುಗಳಿವೆ. ಮುಂಬಯಿಯ ಮಳೆಗಾಲದಲ್ಲಿ ನೆಲದ ತೇವ ಹಾಸಿಗೆಗೆ ಏರುತ್ತದೆ. ದಿನವೂ ಹಾಸಿಗೆಯನ್ನು ಎತ್ತಿ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ದೆಹಲಿಯ ಪುಷ್ಯ ಮಾಘದ ಚಳಿಯಲ್ಲಿ ಬರಿಯ ಚಾಪೆ ಸಾಲದು, ಕೆಳಗೆ ದಪ್ಪನೆಯ ಹಾಸು ಬೇಕು. ನಗರದ ಹೊರವಲಯದ ನೆಲಮಾಳಿಗೆಯ ಮನೆಗಳಲ್ಲಿ, ಮುಖ್ಯವಾಗಿ ರಜೆಗೆ ಊರಿಗೆ ಹೋದಾಗ, ಹಾವು ಚೇಳುಗಳ ವಿಷಯವನ್ನು ಮರೆಯುವಂತಿಲ್ಲ. ಕಟ್ಟುಹಾವು ರಾತ್ರಿಯ ವೇಳೆ ಮನೆಯೊಳಗೆ ಬಂದು ನೆಲದ ಮೇಲೆ ಮಲಗಿದವರನ್ನು ಕಚ್ಚುವುದುಂಟು. ಅದರ ಕಡಿತ ಹೆಚ್ಚು ನೋಯುವುದಿಲ್ಲವಾದ್ದರಿಂದ ಮಲಗಿದವರಿಗೆ ಎಚ್ಚರವೇ ಆಗದಿರಬಹುದು. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸುತ್ತಲೂ ಭದ್ರವಾಗಿ ಸಿಕ್ಕಿಸುವುದು ಇದಕ್ಕೆ ಒಳ್ಳೆಯ ತಡೆ. ಇದರಿಂದ ಡೆಂಗಿ, ಮಲೇರಿಯಾಗಳ ಸೊಳ್ಳೆಗಳೂ ದೂರವಾಗುತ್ತವೆ. ಊರಿನ ಮನೆಯಲ್ಲಿ ಮಂಚವಿದ್ದರೆ ಮಗುವಿನ ಜೊತೆ ದೊಡ್ಡವರೊಬ್ಬರು ಅದರ ಮೇಲೆ, ಪರದೆಯೊಳಗೆ ಮಲಗುವುದು ಲೇಸು.

ಮಂಚವನ್ನೇ ಬಳಸುವುದಾದರೆ ಅದು ಕುಳ್ಳಾಗಿರಲಿ. ನೆಲಕ್ಕೆ ಕಾಲು ಊರಿ ಮಗು ತಾನೇ ಇಳಿಯುವಂತಿರಲಿ. ಇಳಿಯುವಾಗ ತಲೆ ಮುಂದೆ ಮಾಡದೆ, ಹೊಟ್ಟೆಯ ಮೇಲೆ ಹೊರಳಿ ಕಾಲನ್ನು ಮೊದಲು ಕೆಳಗೆ ಬಿಡುವುದನ್ನು ಹಗಲಿನಲ್ಲಿ ಆಟದಂತೆ ಕಲಿಸಬಹುದು. ಮಂಚವನ್ನು ಗೋಡೆಗೆ ಒತ್ತಿ ಇಟ್ಟರೆ ಒಂದು ಬದಿಯ ಚಿಂತೆ ತಪ್ಪಿತೆಂದು ಅನೇಕರು ಭಾವಿಸುತ್ತಾರೆ. ಆದರೆ ಮಂಚ ದಿನೇ ದಿನೇ ಅಲುಗಿ ಗೋಡೆಗೂ ಹಾಸಿಗೆಗೂ ನಡುವೆ ಒಂದು ಸಂದು ಬೀಳುತ್ತದೆ, ಮಲಗಿದ ಮಗು ಆ ಸಂದಿಗೆ ಜಾರಿ ಸಿಕ್ಕಿಕೊಂಡರೆ ಉಸಿರಾಡಲಾಗುವುದಿಲ್ಲ. ಆದ್ದರಿಂದ ಸಂದೇ ಇಲ್ಲದಂತೆ ಬಿಗಿಯಾಗಿ ಕೂಡಿಸಿ ದಿನವೂ ನೋಡುತ್ತಿರಬೇಕು. ಅದು ಆಗದಿದ್ದರೆ ಗೋಡೆಯಿಂದ ಒಂದಡಿಗೂ ಹೆಚ್ಚು ದೂರ ಸರಿಸಿ, ಎರಡೂ ಬದಿಗೆ ನೆಲದ ಮೇಲೆ ಹಾಸು ಹಾಕಬೇಕು. ಅಂಗಡಿಯಲ್ಲಿ ದೊರೆಯುವ, ಮಂಚಕ್ಕೆ ಸಿಕ್ಕಿಸುವ ತಡೆಕಂಬಿಗಳು ಎರಡು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ತಕ್ಕವಲ್ಲ. ಅಲ್ಲಿಯೂ ಭಯ ಅದೇ ಸಂದಿನದು. ಒಂದರ ಮೇಲೊಂದಿರುವ ಮಂಚಗಳಲ್ಲಿ ಮೇಲಿನದನ್ನು ಆರು ವರ್ಷ ತುಂಬದ ಮಗುವಿಗೆ ಕೊಡಲೇಬಾರದು. ಮೇಲೆ ತಿರುಗುವ ಫ್ಯಾನಿನ ರೆಕ್ಕೆ ಎಷ್ಟು ಹತ್ತಿರವಾಗುತ್ತದೆ ಎಂಬುದನ್ನು ಅಣ್ಣ ಅಕ್ಕಂದಿರ ವಿಷಯದಲ್ಲೂ ಅಳೆದು ನೋಡಬೇಕು.

ಕೋಣೆಯೇ ತೊಟ್ಟಿಲು

ಹೊಸ ಹಾಸಿಗೆಯನ್ನು ಕೊಳ್ಳುವುದರಲ್ಲಿ, ಅದಕ್ಕೆ ಚಿತ್ರದ ಹೊದಿಕೆ ಆರಿಸುವುದರಲ್ಲಿ ಮನೆಯವರು ತೋರುವ ಉತ್ಸಾಹವನ್ನು ಕೋಣೆಯ ವಿಷಯದಲ್ಲಿ ತೋರುವುದು ಅಪರೂಪ. ತೊಟ್ಟಿಲಿನಿಂದ ಇಳಿದ ಮಗು ರಾತ್ರಿ ಎರಡು ಗಂಟೆಗೆ, ಎಲ್ಲರೂ ನಿದ್ರಿಸುತ್ತಿರುವಾಗ, ಕತ್ತಲಲ್ಲಿ ಒಬ್ಬಂಟಿಯಾಗಿ ಮನೆಯೊಳಗೆ ಅಡ್ಡಾಡಬಲ್ಲದು. ಇದುವರೆಗೆ ನಾಲ್ಕು ಕಂಬಿಗಳು ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಕೋಣೆಯ ನಾಲ್ಕು ಗೋಡೆಗಳು ಮಾಡಬೇಕು. ಹಾಸಿಗೆ ಬದಲಾಗುವುದಕ್ಕೆ ಮೊದಲೇ ಕೋಣೆ ಸಿದ್ಧವಾಗಿರಬೇಕು.

ಇದಕ್ಕೆ ಸುಲಭವಾದ ಉಪಾಯವೆಂದರೆ ದೊಡ್ಡವರೊಬ್ಬರು ಮಗುವಿನ ಹಾಸಿಗೆಯ ಜಾಗದಲ್ಲಿ ನೆಲದ ಮೇಲೆ ಕುಳಿತು ಸುತ್ತಲೂ ನೋಡುವುದು. ನಿಂತಾಗ ಕಾಣದ ವಸ್ತುಗಳು ಆಗ ಕಾಣುತ್ತವೆ. ಗೋಡೆಯ ಬುಡದ ಪ್ಲಗ್ಗಿನ ರಂಧ್ರ. ಅದಕ್ಕೆ ಸಿಕ್ಕಿಸಿದ ಸೊಳ್ಳೆ ಔಷಧದ ಯಂತ್ರ. ಅಜ್ಜನ ದಿಂಬಿನ ಪಕ್ಕದ ರಕ್ತದೊತ್ತಡದ ಮಾತ್ರೆ. ಎಳೆದರೆ ಮೈಮೇಲೆ ಉರುಳುವ ಖಾನೆಗಳ ಕಪಾಟು, ಅದರ ಮೇಲಿನ ಟಿವಿ. ಕಪಾಟನ್ನು ಗೋಡೆಗೆ ಮೊಳೆಯಿಂದ ಬಿಗಿಯುವುದು ಒಂದು ಗಂಟೆಯ ಕೆಲಸ. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಲು ಒಪ್ಪದ ಮಾಲೀಕರಿಗೂ ಕಾರಣವನ್ನು ವಿವರಿಸಿದರೆ ಸಾಮಾನ್ಯವಾಗಿ ಅರ್ಥವಾಗುತ್ತದೆ. ಬಚ್ಚಲುಮನೆಯ ಬಾಗಿಲಿಗೆ ಮೇಲಿನ ಚಿಲಕ ಹಾಕಬೇಕು. ನೀರಿನ ಅಭಾವವಿರುವ ಚೆನ್ನೈ, ಹೈದರಾಬಾದುಗಳ ಬಡಾವಣೆಗಳಲ್ಲಿ ರಾತ್ರಿ ಬಕೆಟ್ಟುಗಳನ್ನು ತುಂಬಿಡುವುದು ರೂಢಿ. ತಲೆಭಾರದ ಮಗು ಬಕೆಟ್ಟಿನೊಳಗೆ ಬಗ್ಗಿದರೆ ಮತ್ತೆ ಮೇಲೇಳಲಾರದು, ಮುಳುಗುವುದಕ್ಕೆ ಕೆಲವೇ ಅಂಗುಲ ನೀರು ಸಾಕು. ತುಂಬಿದ ಬಕೆಟ್ಟಿಗೆ ಭದ್ರವಾದ ಮುಚ್ಚಳವಿರಬೇಕು, ಇಲ್ಲವೆ ಮಗುವಿಗೆ ಎಟುಕದ ಕಡೆ ಇಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಕಿಟಕಿ. ಗಾಳಿ ಬರಲೆಂದು ಮಂಚವನ್ನು ಕಿಟಕಿಯ ಕೆಳಗೆ ಇಡುವುದು ವಾಡಿಕೆ. ಬಹುಮಹಡಿ ಕಟ್ಟಡದಲ್ಲಿ ಇದು ಮಗುವಿಗೆ ಕಿಟಕಿಯನ್ನು ಹತ್ತಲು ಮೆಟ್ಟಿಲು ಕಟ್ಟಿಕೊಟ್ಟಂತೆ. ಸೊಳ್ಳೆಯನ್ನು ತಡೆಯುವ ಜಾಲರಿ ಮಗುವಿನ ಭಾರವನ್ನು ತಡೆಯುವುದಿಲ್ಲ. ಕಬ್ಬಿಣದ ಸರಳುಗಳು ಇರಲೇಬೇಕು, ಅವುಗಳ ನಡುವಿನ ಅಂತರ 10 ಸೆಂಟಿಮೀಟರಿಗಿಂತ ಕಡಿಮೆಯಿರಬೇಕು. ಮಂಚ, ಕುರ್ಚಿ, ಪೆಟ್ಟಿಗೆ ಯಾವುದೂ ಕಿಟಕಿಯ ಬಳಿ, ಬಾಲ್ಕನಿಯ ಕಟಕಟೆಯ ಬಳಿ ಇರಬಾರದು. ದೆಹಲಿಯ ಮನೆಗಳಿಗೆ ಚಳಿಗಾಲದ ಒಂದು ಎಚ್ಚರಿಕೆ ಪ್ರತ್ಯೇಕವಾಗಿ ಸಲ್ಲುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗಬಾರದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ವಿದ್ಯುತ್ ಹೀಟರನ್ನು ಮಗು ಮಲಗುವ ಮುನ್ನ ಹಚ್ಚಿ, ಮಲಗಿದ ಮೇಲೆ ಆರಿಸುವುದು ಒಳ್ಳೆಯದು.

ಆರಂಭದ ದಿನಗಳು

ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ತಿಳಿಸುತ್ತದೆ. ಹಾಸಿಗೆ ಬದಲಾದ ಕೆಲವು ದಿನ ಇದರಲ್ಲಿ ಕೊರತೆ ಬೀಳುವುದು ಸಹಜ. ಹಗಲಿನ ನಿದ್ದೆಯನ್ನು ಮೊದಲು ಹೊಸ ಹಾಸಿಗೆಯಲ್ಲಿ ಆರಂಭಿಸಿ, ಒಂದು ವಾರದ ಬಳಿಕ ರಾತ್ರಿಯದನ್ನು ಬದಲಿಸಿದರೆ ಮಗುವಿಗೆ ಹೊಂದಿಕೊಳ್ಳುವುದು ಸುಲಭವಾಗುತ್ತದೆ. ತೂಗಿಸಿಕೊಂಡೇ ಮಲಗುವ ಅಭ್ಯಾಸವಾದ ಮಗುವಿಗೆ ಅಲುಗದ ಹಾಸಿಗೆಯೇ ದೊಡ್ಡ ಅಚ್ಚರಿ. ಅಂಥ ಮಗುವನ್ನು ನಿದ್ದೆ ಹತ್ತುವ ತನಕ ತೂಗದೆ, ತೂಗುವ ಅವಧಿಯನ್ನು ದಿನದಿನಕ್ಕೆ ಕಡಿಮೆ ಮಾಡುತ್ತ, ಬೆನ್ನು ತಟ್ಟುವುದಕ್ಕೆ ಬರಬೇಕು. ಆ ಬಳಿಕ ಕೈಯನ್ನು ಸುಮ್ಮನೆ ಬೆನ್ನ ಮೇಲೆ ಇಡುವುದಕ್ಕೆ.

ಹಾಸಿಗೆ ಹೊಸದಾದರೂ ಹೊದಿಕೆ ಹಳೆಯದೇ ಇರಲಿ. ಅಜ್ಜಿಯ ಹಳೆಯ ಸೀರೆಗಳಿಂದ ಹೊಲಿದ ಕೌದಿಯ ವಾಸನೆಯನ್ನು ಮಗು ಬಲ್ಲದು. ಅದನ್ನು ಈ ಸಮಯದಲ್ಲೇ ಒಗೆಯುವ ಶಿಸ್ತು ಬೇಡ. ಹಾಸಿಗೆಯ ಮೇಲೆ ಒಂದು ರಬ್ಬರ್ ಶೀಟು, ಅದರ ಮೇಲೆ ಬಿಗಿಯಾಗಿ ಸಿಕ್ಕಿಸಿದ ಹತ್ತಿಯ ಬಟ್ಟೆ ಇದ್ದರೆ ಒದ್ದೆಯಾದ ರಾತ್ರಿಗಳಲ್ಲಿ ಯಾರೂ ಗದರುವ ಪ್ರಸಂಗ ಬಾರದು. ಮಲಗುವ ಮುನ್ನಿನ ಅರ್ಧ ಗಂಟೆ ದಿನವೂ ಒಂದೇ ಕ್ರಮದಲ್ಲಿ ಸಾಗಬೇಕು: ಮುಖ ತೊಳೆಯುವುದು, ದೀಪ ತಗ್ಗಿಸುವುದು, ಹಾಡು ಅಥವಾ ಕಥೆ. ಮೊಬೈಲಿನ ಚಿತ್ರ ತೋರಿಸಿ ಮಲಗಿಸುವುದು ಸುಲಭವೆಂದು ಕಂಡರೂ ಅದು ನಿದ್ದೆಯನ್ನು ದೂರ ಮಾಡುತ್ತದೆ. ಹಗಲೆಲ್ಲ ಶಿಶುವಿಹಾರದಲ್ಲಿ ಮರಾಠಿಯನ್ನೋ ತಮಿಳನ್ನೋ ಹಿಂದಿಯನ್ನೋ ಕೇಳುವ ಹೊರನಾಡಿನ ಕನ್ನಡ ಮಗುವಿಗೆ ಈ ಅರ್ಧ ಗಂಟೆ ಇನ್ನೊಂದು ರೀತಿಯಲ್ಲಿಯೂ ಬೆಲೆಯುಳ್ಳದ್ದು. ಅನೇಕ ಮನೆಗಳಲ್ಲಿ ದಿನದ ಕನ್ನಡವೆಲ್ಲ ಇಲ್ಲಿಯೇ ಇರುತ್ತದೆ.

ಮಗು ಎದ್ದು ಬಂದರೆ ಏನು ಮಾಡಬೇಕು? ಎದ್ದು ಬಂದೇ ಬರುತ್ತದೆ. ಮೊದಲ ರಾತ್ರಿ ಹತ್ತು ಸಲವೂ ಬರಬಹುದು. ದೀಪ ಹಾಕದೆ, ಕೋಪವನ್ನೂ ನಗುವನ್ನೂ ತೋರದೆ, ‘ಮಲಗು ಮಗು, ಇನ್ನೂ ರಾತ್ರಿ’ ಎಂಬ ಒಂದೇ ಮಾತಿನಿಂದ ಕೈಹಿಡಿದು ಮರಳಿ ಮಲಗಿಸಬೇಕು. ಒಮ್ಮೆ ಬೈದು, ಒಮ್ಮೆ ಮುದ್ದಿಸಿ, ಒಮ್ಮೆ ಬಿಸ್ಕತ್ತು ಕೊಟ್ಟರೆ ಏಳುವುದೇ ಆಟವಾಗುತ್ತದೆ. ಹೊರಗಿನಿಂದ ಬಾಗಿಲಿಗೆ ಚಿಲಕ ಹಾಕುವುದು ಮಾತ್ರ ಎಂದಿಗೂ ಸಲ್ಲದು. ಬೆಂಕಿಯ ಅನಾಹುತದಲ್ಲಿ ಅದು ಪ್ರಾಣಾಪಾಯ. ಏನೂ ಆಗದ ರಾತ್ರಿಯಲ್ಲೂ ಅದು ಮಗುವಿನ ಮನಸ್ಸಿನಲ್ಲಿ ಹಾಸಿಗೆಯನ್ನು ಶಿಕ್ಷೆಯ ಜಾಗವನ್ನಾಗಿ ಮಾಡುತ್ತದೆ. ಅಜ್ಜಿ ಮನೆಯಲ್ಲಿದ್ದು, ಮಗು ಅವರ ಪಕ್ಕ ಮಲಗಲು ಇಚ್ಛಿಸಿದರೆ ಅದಕ್ಕೆ ಅಡ್ಡಿಯೇನೂ ಇಲ್ಲ. ಸ್ವಾವಲಂಬನೆಯ ಹೆಸರಿನಲ್ಲಿ ಅದನ್ನು ತಪ್ಪಿಸುವವರು ಎರಡು ಜೀವಗಳ ಸುಖವನ್ನು ವಿನಾಕಾರಣ ಕೆಡಿಸುತ್ತಾರೆ.

ಎರಡನೆಯ ಕೂಸು

ಬಹಳಷ್ಟು ಮನೆಗಳಲ್ಲಿ ತೊಟ್ಟಿಲನ್ನು ತೆರವು ಮಾಡಿಸುವುದು ಹೊಸ ಕೂಸಿನ ಆಗಮನ. ಇಲ್ಲಿ ಕನ್ನಡ ಕುಟುಂಬಗಳ ಒಂದು ವಿಶೇಷ ಸಂದರ್ಭವನ್ನು ಗಮನಿಸಬೇಕು. ಹೆರಿಗೆಗೆ ತಾಯಿ ತವರಿಗೆ ಹೋಗುವಾಗ ದೊಡ್ಡ ಮಗುವೂ ಜೊತೆಗೆ ಹೋಗುತ್ತದೆ. ಊರು ಬದಲು, ಮನೆ ಬದಲು, ತಂದೆ ದೂರ. ಅದರ ಮೇಲೆ ಹಾಸಿಗೆಯೂ ಬದಲಾದರೆ ಎರಡು ವರ್ಷದ ಮಗುವಿಗೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಆದುದರಿಂದ ಪ್ರಯಾಣಕ್ಕೆ ಒಂದೆರಡು ತಿಂಗಳು ಮೊದಲೇ ಮಗುವನ್ನು ಹಾಸಿಗೆಗೆ ರೂಢಿ ಮಾಡಿಸಬೇಕು. ತಡವಾಗಿದ್ದರೆ, ಮಗು ಕಂಬಿ ಹತ್ತುತ್ತಿಲ್ಲವಾದರೆ, ಬಾಣಂತನ ಮುಗಿಸಿ ಮರಳಿ ಬಂದು ನೆಲೆನಿಂತ ಮೇಲೆ ನೋಡಬಹುದು. ಹೊಸ ಕೂಸಿಗೆ ಆ ತನಕ ಬೇರೆ ತೊಟ್ಟಿಲನ್ನು ಎರವಲು ತರಬಹುದು. ನಿನ್ನೆಯವರೆಗೆ ತಾನು ಮಲಗುತ್ತಿದ್ದ ತೊಟ್ಟಿಲಿನಲ್ಲಿ ಇಂದು ಬೇರೊಂದು ಕೂಸನ್ನು ಕಾಣುವುದು ದೊಡ್ಡ ಮಗುವಿಗೆ ಸಂಕಟದ ವಿಷಯ. ನಡುವೆ ಕೆಲವು ವಾರ ತೊಟ್ಟಿಲು ಬಿಚ್ಚಿ ಅಟ್ಟ ಸೇರಿದ್ದರೆ ಅದು ತನ್ನದೆಂಬ ಭಾವ ಎಷ್ಟೋ ಮಾಸುತ್ತದೆ. ಎಳೆಗೂಸನ್ನೂ ದೊಡ್ಡ ಮಗುವನ್ನೂ ಒಂದೇ ಹಾಸಿಗೆಯಲ್ಲಿ ಪಕ್ಕಪಕ್ಕ ಮಲಗಿಸಬಾರದು. ನಿದ್ದೆಯಲ್ಲಿ ಹೊರಳುವ ಮಗುವಿಗೆ ಪಕ್ಕದಲ್ಲಿರುವುದು ಏನೆಂಬುದು ತಿಳಿಯದು.

ಬಿದ್ದರೆ

ಎಷ್ಟೇ ಎಚ್ಚರ ವಹಿಸಿದರೂ ಮಗು ಒಮ್ಮೆಯಾದರೂ ಬೀಳಬಹುದು. ಬಿದ್ದೊಡನೆ ಅತ್ತು, ಎತ್ತಿಕೊಂಡ ಮೇಲೆ ಸಮಾಧಾನಗೊಂಡು, ಎಂದಿನಂತೆ ಆಡುವ ಮಗುವಿನ ವಿಷಯದಲ್ಲಿ ಗಾಬರಿಗೆ ಕಾರಣವಿಲ್ಲ. ಒಂದು ದಿನ ಗಮನವಿಟ್ಟರೆ ಸಾಕು. ಸ್ವಲ್ಪ ಹೊತ್ತಾದರೂ ಪ್ರಜ್ಞೆ ತಪ್ಪಿದರೆ, ಮೇಲಿಂದ ಮೇಲೆ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಕವಿದರೆ, ಕಿವಿ ಮೂಗುಗಳಿಂದ ರಕ್ತ ಅಥವಾ ತಿಳಿನೀರು ಇಳಿದರೆ, ತಲೆಯ ಪಕ್ಕದಲ್ಲಿ ಮೆತ್ತನೆಯ ಊತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ದೇಶದ ತುರ್ತು ಸಹಾಯದ ಸಂಖ್ಯೆ 112. ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣಗಳಲ್ಲಿ 108ಕ್ಕೆ ಕರೆ ಮಾಡಿದರೂ ಆಂಬುಲೆನ್ಸ್ ದೊರೆಯುತ್ತದೆ. ಊತಕ್ಕೆ ಅರಿಶಿನ ಹಚ್ಚಿ, ಮಲಗಿಸಿ, ಬೆಳಗಿನ ತನಕ ಕಾಯುವುದರಲ್ಲಿ ಅಮೂಲ್ಯ ಸಮಯ ಕಳೆದುಹೋಗುತ್ತದೆ.

ತೆರವಾದ ತೊಟ್ಟಿಲು

ತೊಟ್ಟಿಲನ್ನು ಮಾರುವ ಪದ್ಧತಿ ಕಡಿಮೆ. ಅದು ತಂಗಿಯ ಮನೆಗೋ ನಾದಿನಿಯ ಮನೆಗೋ ಹೋಗುತ್ತದೆ. ಕೊಡುವ ಮುನ್ನ ತಿರುಪುಗಳು ಸಡಿಲವಾಗಿವೆಯೇ, ಹಲಗೆ ಸೀಳಿದೆಯೇ, ಸರಪಳಿಯ ಕೊಂಡಿ ಸವೆದಿದೆಯೇ ಎಂದು ನೋಡಬೇಕು. ಕಂಬಿಗಳ ನಡುವಿನ ಅಂತರ 6 ಸೆಂಟಿಮೀಟರನ್ನು ಮೀರಿರಬಾರದು. ಅದಕ್ಕಿಂತ ಅಗಲವಾದರೆ ಕೂಸಿನ ದೇಹ ಹೊರಗೆ ಜಾರಿ ತಲೆ ಸಿಕ್ಕಿಕೊಳ್ಳುತ್ತದೆ. ಒಂದು ಬದಿಯ ಕಂಬಿಯನ್ನು ಕೆಳಗೆ ಜಾರಿಸಬಹುದಾದ ಮಾದರಿಯ ತೊಟ್ಟಿಲುಗಳ ಮಾರಾಟವನ್ನು ಅಮೆರಿಕದಲ್ಲಿ 2011ರಿಂದ ನಿಷೇಧಿಸಲಾಗಿದೆ. ಅಲ್ಲಿಂದ ಬಂಧುಗಳು ತಂದುಕೊಟ್ಟದ್ದೆಂಬ ಅಭಿಮಾನದಿಂದ ಅಂಥ ಹಳೆಯದನ್ನು ಮುಂದಿನವರಿಗೆ ದಾಟಿಸಬಾರದು.

ಬರಿದಾದ ತೊಟ್ಟಿಲನ್ನು ತೂಗಬಾರದೆಂದು ಹಿರಿಯರು ಹೇಳುತ್ತಾರೆ. ಅದನ್ನು ತೂಗುಹಾಕಿಯೇ ಬಿಡಬಾರದೆಂಬುದನ್ನು ಅದಕ್ಕೆ ಸೇರಿಸಿಕೊಳ್ಳಬಹುದು. ಮಗು ಕೆಳಗೆ ಮಲಗಲು ತೊಡಗಿದ ಮೇಲೂ ಎಷ್ಟೋ ಮನೆಗಳಲ್ಲಿ ಜೋಲಿಯ ಸೀರೆ, ತೊಟ್ಟಿಲಿನ ಹಗ್ಗ ಕೊಂಡಿಯಲ್ಲಿ ತಿಂಗಳುಗಟ್ಟಲೆ ಜೋತಾಡುತ್ತಿರುತ್ತವೆ. ನಾಲ್ಕಾರು ವರ್ಷದ ಮಕ್ಕಳು ಅದನ್ನು ಜೋಕಾಲಿ ಮಾಡಿಕೊಂಡು ಆಡುವಾಗ ಕುತ್ತಿಗೆಗೆ ಉರುಳು ಬಿದ್ದ ಘಟನೆಗಳುಂಟು. ಮಗುವನ್ನು ಹಾಸಿಗೆಗೆ ಇಳಿಸಿದ ದಿನವೇ ಹಗ್ಗವನ್ನು ಬಿಚ್ಚಿ, ಸೀರೆಯನ್ನು ಒಗೆದು ಮಡಿಸಿ, ಪೆಟ್ಟಿಗೆಯಲ್ಲಿ ಇಡಬೇಕು.